ಮರೆತು ಬಿಟ್ಟ ಗಾಳಿ

ನಮ್ಮ ಊರು ಯಾವ ನಕ್ಷೆಯಲ್ಲೂ ಇಲ್ಲ. ಹೇಳಿಕೊಳ್ಳುವುದಕ್ಕೆ ಸ್ವಲ್ಪ ನಾಚಿಕೆಯ ವಿಷಯ, ಏಕೆಂದರೆ ನಾನು ಕೆಲಸ ಮಾಡುವುದು ನಕ್ಷೆ ಬರೆಯುವ ಕಚೇರಿಯಲ್ಲೇ. ಸುತ್ತಮುತ್ತಲಿನ ಹೊಲ, ಹಳ್ಳ, ಗುಡ್ಡ, ಸ್ಮಶಾನ ಎಲ್ಲವನ್ನೂ ಸರಪಳಿ ಹಿಡಿದು ಅಳೆದಿದ್ದೇವೆ, ಆದರೆ ನಮ್ಮ ಊರನ್ನು ಅಳೆಯಲು ಇವತ್ತಿನವರೆಗೂ ಯಾರಿಗೂ ಪುರುಸೊತ್ತಾಗಿಲ್ಲ. ಊರಿನ ತಲೆಯ ಮೇಲೆ ಒಂದು ಕೆರೆ ಇದೆ, ಕೆರೆಯ ನೀರು ಧುಮುಕುವಲ್ಲಿ ಒಂದು ಸಣ್ಣ ವಿದ್ಯುತ್ ಮನೆ ಇದೆ, ಅದರ ಕೆಳಗೆ ಸಾಲಾಗಿ ಸರ್ಕಾರಿ ಕಚೇರಿಗಳಿವೆ, ಅವುಗಳ ಕೆಳಗೆ ನಾವೆಲ್ಲ ಇದ್ದೇವೆ. ಇಷ್ಟು ಗೊತ್ತಿದ್ದರೆ ಊರಿನಲ್ಲಿ ಯಾರೂ ದಾರಿ ತಪ್ಪುವುದಿಲ್ಲ.

ಇಲ್ಲಿ ಕಚೇರಿಯವರು ಮರೆತು ಬಿಟ್ಟದ್ದು ಊರಿನ ಯಾವುದಾದರೊಂದು ಮನೆಗೆ ಹೋಗಿ ಸೇರುತ್ತದೆ. ಲೋಕೋಪಯೋಗಿಯವರು ನಲ್ಲಿ ತಿರುಗಿಸುವುದನ್ನು ಮರೆತರೆ ಹೂ ಮಾರುವವರ ಮನೆಯ ಹಂಡೆ ತುಂಬುತ್ತದೆ. ಖಜಾನೆಯ ಮೊಗಸಾಲೆಯಲ್ಲಿ ಯಾರೂ ಇಲ್ಲದೆ ಉರಿಯುವ ದೀಪದ ಬೆಳಕು ಬೆಸ್ತರ ಬೀದಿಯ ಒಂದು ಅಡುಗೆಮನೆಯಲ್ಲಿ ಬೀಳುತ್ತದೆ. ಒಂದೇ ಮಗ್ಗುಲು ಬರೆದು ಬಿಸಾಕಿದ ಹಾಳೆಗಳು ಮಕ್ಕಳಿರುವ ಮನೆಯ ಹೊಸ್ತಿಲಿಗೆ ಬಂದು ಬಿದ್ದಿರುತ್ತವೆ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನಿನ ಗಾಳಿ ಇನ್ನೆಲ್ಲೋ ಮಲಗಿದವರ ಮೈ ಸವರುತ್ತದೆ. ಮದುವೆ ಮಾತುಕತೆಗೆ ಕೂತಾಗ ಗಂಡಿನ ಕಡೆಯವರು ಗೋತ್ರ ಕೇಳುವುದಕ್ಕೆ ಮೊದಲು ಮೆಲ್ಲಗೆ ಕೇಳುವ ಪ್ರಶ್ನೆಯೇ ಬೇರೆ: "ಮನೆಗೆ ಯಾವ ಆಫೀಸು ಬರುತ್ತೆ?" ತೋಟಗಾರಿಕೆ ಎಂದರೆ ಮುಖ ಅರಳುತ್ತದೆ, ಅಲ್ಲಿಯವರು ಧಾರಾಳ ಮರೆಗುಳಿಗಳು. ಲೆಕ್ಕಪರಿಶೋಧನೆ ಎಂದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಇದಕ್ಕೆಲ್ಲ ಒಂದು ಕಟ್ಟುಪಾಡು ಇದೆ. ಬೇಕೆಂದೇ ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ. ಪಾಪ ಎಂದು ಯಾರಿಗಾದರೂ ಫ್ಯಾನು ಹಾಕಿಟ್ಟು ಬಂದರೆ ಅದು ಆ ಖಾಲಿ ಕೋಣೆಯಲ್ಲೇ ಗರಗರ ತಿರುಗಿಕೊಂಡಿರುತ್ತದೆ, ಅಷ್ಟೇ. ನಿಜವಾಗಿ ಮರೆತಿರಬೇಕು. ಅದಕ್ಕೇ ಪಡೆದವರು ಕಚೇರಿಗೆ ಹೋಗಿ ಯಾರನ್ನೂ ವಿಚಾರಿಸಬಾರದು, ಉಪಕಾರ ಸ್ಮರಿಸಬಾರದು. ಕೊಟ್ಟವನಿಗೆ ತಾನು ಕೊಟ್ಟೆನೆಂದು ಗೊತ್ತಾದರೆ ಅವನು ಮತ್ತೆ ಮರೆಯುವುದು ಹೇಗೆ?

ನಮ್ಮ ಕಚೇರಿಯ ಜವಾನ ಬೋರಲಿಂಗಯ್ಯ ಈ ವಿಷಯದಲ್ಲಿ ಊರಿಗೇ ದೊಡ್ಡ ಆಸ್ತಿಯಾಗಿದ್ದ. ಅವನ ಹಾಗೆ ಮರೆಯುವವನು ಹಿಂದೆ ಹುಟ್ಟಿರಲಿಲ್ಲ. ಕೊಡೆ ಹುಡುಕಲು ಹೋಗಿ ಚಪ್ಪಲಿ ಮರೆತು ಬರುವವನು. ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾದ ಮೇಲೂ ಎರಡು ತಟ್ಟೆ ಇಟ್ಟು ಕೂರುತ್ತಿದ್ದ. ಅದು ಮರೆವೋ ಅಲ್ಲವೋ ನಾನು ಕೇಳಲು ಹೋಗಲಿಲ್ಲ. ನಮ್ಮಿಬ್ಬರದೂ ಒಂದೇ ಗಲ್ಲಿ, ಗೋಡೆಗೆ ಗೋಡೆ ತಾಗಿದ ಮನೆ. ಊಟವಾದ ಮೇಲೆ ಅವನು ರೆಕಾರ್ಡ್ ರೂಮಿನ ಹಳೆಯ ನಕ್ಷೆಗಳ ಧೂಳು ಹೊಡೆಯಲು ಫ್ಯಾನು ಹಾಕುತ್ತಿದ್ದ, ಧೂಳು ಹೊಡೆದು ಬಾಗಿಲೆಳೆದುಕೊಂಡು ಬಂದುಬಿಡುತ್ತಿದ್ದ. ಫ್ಯಾನು ಸಂಜೆಯವರೆಗೂ ತಿರುಗುತ್ತಿತ್ತು. ಆ ಗಾಳಿ ಯಾರ ಮನೆಗೆ ಹೋಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ತಮಾಷೆಯೆಂದರೆ, ನಮ್ಮ ಇಡೀ ಗಲ್ಲಿಯಲ್ಲಿ ಯಾವ ಕಚೇರಿಯದೂ ಏನೂ ಬಾರದ ಮನೆ ಅವನದೊಂದೇ. "ನಮ್ಮನೆ ವಿಳಾಸ ಗಾಳಿಗೂ ಗೊತ್ತಿಲ್ಲ ಕಣ್ರಮ್ಮ" ಎಂದು ನಕ್ಕು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

ಆಗ ಬಂದವರು ಸರ್ವಮಂಗಳಾ ಮೇಡಂ. ಎಲ್ಲ ಕಚೇರಿಗಳಿಗೂ ಸೇರಿ ಒಬ್ಬರೇ ಪರಿಸರ ನಿರ್ವಹಣಾ ಅಧಿಕಾರಿ, ಕೂರಲು ಜಾಗ ಕೊಟ್ಟದ್ದು ನಮ್ಮ ಕಚೇರಿಯ ಹಿಂಬದಿಯ ಮೂಲೆ ಕೋಣೆಯಲ್ಲಿ. ಒಂದು ಟ್ರಂಕು, ಒಂದು ಮಣ್ಣಿನ ಹೂಜಿ, ಬಣ್ಣ ಮಾಸಿದ ಒಂದು ನೂಲಿನ ಸೀರೆ, ಜೊತೆಗೆ ಒಂದು ಕಟ್ಟು ಸುತ್ತೋಲೆ ಹಿಡಿದು ಬಂದಿಳಿದರು. ಮೊದಲ ವಾರದಲ್ಲೇ ನಲ್ಲಿಗಳಿಗೆಲ್ಲ ಹೊಸ ವಾಷರ್ ಬಿತ್ತು. ಕಿಟಕಿಗೆ ಅಡ್ಡ ನಿಂತಿದ್ದ ಬೀರುಗಳು ಸರಿದು ಎಷ್ಟೋ ವರ್ಷದ ಮೇಲೆ ಒಳಗೆ ಬಿಸಿಲು ಬಂತು. ನಮ್ಮ ಶಿರಸ್ತೇದಾರರ ತಲೆ ಅಷ್ಟು ನರೆತಿದೆಯೆಂದು ನಮಗೆ ತಿಳಿದದ್ದೇ ಆವತ್ತು. ಹಾಳೆಯ ಎರಡೂ ಮಗ್ಗುಲು ಬರೆಯಬೇಕಾಯಿತು. ಕಿತ್ತಳೆ ತಿಂದರೆ ಸಿಪ್ಪೆಯನ್ನೂ ಆಯಮ್ಮ ಬಿಸಾಕುತ್ತಿರಲಿಲ್ಲ, ಒಣಗಿಸಿ ಫೈಲುಗಳ ನಡುವೆ ಇಡುತ್ತಿದ್ದರು, ಹುಳ ಬರುವುದಿಲ್ಲವಂತೆ. ಅವರ ಕೋಣೆಯ ಬಾಗಿಲು ತೆಗೆದರೆ ಕಿತ್ತಳೆಯ ವಾಸನೆ ಮೂಗಿಗೆ ಅಡರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಾಟ ಬಿಲ್ಲೆಗಳದು. ಒಂದೊಂದು ಸ್ವಿಚ್ಚಿನ ಕೆಳಗೂ ದಾರ ಕಟ್ಟಿದ ಒಂದು ಮರದ ಬಿಲ್ಲೆ ನೇತು ಹಾಕಿಸಿದರು. ಸ್ವಿಚ್ಚು ಹಾಕಿದವರು ಆ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಳ್ಳಬೇಕು, ಆರಿಸಿದ ಮೇಲೆಯೇ ತೆಗೆದು ಮೊಳೆಗೆ ಸಿಕ್ಕಿಸಬೇಕು. ದೀಪ, ಫ್ಯಾನು, ನೀರಿನ ಮೋಟಾರು ಎಲ್ಲಕ್ಕೂ. ಶಿರಸ್ತೇದಾರರು ಮೂರು ಬಿಲ್ಲೆ ಹೊತ್ತು ಬಸವಣ್ಣನ ಹಾಗೆ ಓಡಾಡುತ್ತಿದ್ದರು. ಕೊರಳಲ್ಲಿ ಟಕಟಕ ಬಡಿದುಕೊಳ್ಳುವುದನ್ನು ಮರೆಯುವುದಾದರೂ ಹೇಗೆ? ಊರಿನಲ್ಲಿ ಗೊಣಗಾಟ ಶುರುವಾಯಿತು. ಹೂವಿನವರ ಹಂಡೆ ಅರ್ಧಕ್ಕೆ ನಿಂತಿತು, ಬೆಸ್ತರ ಬೀದಿಯ ಅಡುಗೆಮನೆ ಕತ್ತಲಾಯಿತು. ನಾನೂ ಬಾಯಿಗೆ ಬಂದದ್ದು ಅಂದುಕೊಂಡೆ, ಏಕೆಂದರೆ ನಮ್ಮ ಮನೆಗೆ ಬರುತ್ತಿದ್ದುದು ತೋಟಗಾರಿಕೆಯ ನಲ್ಲಿ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಮೇಡಂ, ನಮ್ಮೂರಲ್ಲಿ ದಂಡ ಆಗೋದು ಅಂತ ಯಾವುದೂ ಇಲ್ಲ. ಎಲ್ಲಾ ಯಾರಿಗಾದ್ರೂ ಸೇರುತ್ತೆ. ಯಾಕಿಷ್ಟು ಬಿಗಿ ಮಾಡ್ತೀರಿ?"

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಾಗವೇಣಿ, ನಾನು ಈ ಊರಿನವಳೇ. ತುದಿ ಬೀದಿ ಗೊತ್ತಲ್ಲ, ಪೈಪು ಮುಗಿಯೋ ಕಡೆ? ನಮ್ಮ ಬೀದಿಗೆ ಯಾರ ಮರೆವೂ ಬರ್ತಿರಲಿಲ್ಲ. ಮೇಲೆ ಎಲ್ಲರೂ ಮರೆತು ಮರೆತು, ನಮ್ಮ ಹತ್ರ ಬರೋ ಹೊತ್ತಿಗೆ ಪೈಪಲ್ಲಿ ಏನೂ ಇರ್ತಿರಲಿಲ್ಲ. ಕೆರೆ ನೋಡಿದೀಯಾ ಈಚೆಗೆ? ಮೆಟ್ಟಿಲೆಲ್ಲ ಎದ್ದು ಕಾಣ್ತಿವೆ" ಎಂದರು. ನಾನು ನೋಡಿರಲಿಲ್ಲ. ಆ ಸಂಜೆ ಹೋಗಿ ನೋಡಿದೆ. ಚಿಕ್ಕವಳಿದ್ದಾಗ ನಾನು ಕಾಲಿಳಿಬಿಟ್ಟು ಕೂರುತ್ತಿದ್ದ ಮೆಟ್ಟಿಲಿನಿಂದ ನೀರು ಬಹಳ ಕೆಳಗೆ ಹೋಗಿತ್ತು. ಮಾರನೆಯ ದಿನದಿಂದ ನಾನು ಬಿಲ್ಲೆಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ಬಿಲ್ಲೆ ಬಂದ ಮೇಲೆ ಬೋರಲಿಂಗಯ್ಯನೂ ದಾರಿಗೆ ಬಂದ. ಧೂಳು ಹೊಡೆದು, ಫ್ಯಾನು ಆರಿಸಿ, ಬಿಲ್ಲೆ ಸಿಕ್ಕಿಸಿ ಬರುತ್ತಿದ್ದ. ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಕಚೇರಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಜವರಮ್ಮ, ಇಸ್ತ್ರಿ ಮಾಡುವವಳು. ಊರಿನ ಅರ್ಧ ಅಂಗಿಗಳು ಅವಳ ಕೈಯಲ್ಲೇ ಗರಿಗರಿಯಾಗುವುದು. ಒಳಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ, ಹೊರಗೆ ಹೋಗಲು ಮನಸ್ಸಿರಲಿಲ್ಲ. ನಾನೇ ಎದ್ದು ಹೋಗಿ ಏನೆಂದು ವಿಚಾರಿಸಿದೆ.

"ಏನಿಲ್ಲ ಕಣವ್ವ" ಎಂದು ಸೆರಗು ಬಾಯಿಗೆ ಹಿಡಿದಳು. "ಕೇಳಬಾರದು ಅಂತ ಗೊತ್ತು. ಆದ್ರೂ ಮನಸ್ಸು ತಡೀಲಿಲ್ಲ. ಇಲ್ಲಿ ಯಾರೋ ಒಬ್ಬರು ಮಧ್ಯಾಹ್ನದ ಹೊತ್ತು ಫ್ಯಾನ್ ಮರ್ತು ಹೋಗೋರು. ಹಳೇ ಕಾಗದದ ವಾಸನೆ ಗಾಳಿ. ನಮ್ಮೆಜಮಾನ್ರು ಕೆಂಚಯ್ಯಂಗೆ ಇದ್ದಲು ಹೊಗೆ ಕುಡಿದೂ ಕುಡಿದೂ ಎದೆ ಕಟ್ಟೋಗದೆ. ರಾತ್ರಿಯೆಲ್ಲ ಕೂತ್ಕಂಡೇ ಇರ್ತರೆ. ಆ ಗಾಳಿ ಬಂದಾಗ ಒಂದು ಗಳಿಗೆ ಕಣ್ಣು ಮುಚ್ಚೋರು. ಈಗ ನಿಂತೋಗದೆ. ಗಾಳಿ ಹೋದ್ರೆ ಹೋಯ್ತು ಬುಡಿ. ಆ ಪುಣ್ಯಾತ್ಮಂಗೇ ಏನಾರ ಆಯ್ತೇನೋ ಅಂತ ಗಂಡ ಹೆಂಡ್ತಿ ಇಬ್ಬರಿಗೂ ಸಂಕಟ. ಅವರು ಚೆನ್ನಾಗವ್ರಾ? ಅಷ್ಟು ಹೇಳ್ಬುಡಿ, ಹೊಂಟೋಯ್ತೀನಿ."

ನಾನು ಹಿಂದಿರುಗಿ ನೋಡಿದರೆ ಬೋರಲಿಂಗಯ್ಯ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಚೆನ್ನಾಗವ್ನೆ ಕಣವ್ವ" ಎಂದ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ. "ಏನೂ ಆಗಿಲ್ಲ ಅವ್ನಿಗೆ. ಗುಂಡುಕಲ್ಲಿನಂಗವ್ನೆ." ಜವರಮ್ಮ ಅವನ ಮುಖವನ್ನೇ ಒಂದು ಕ್ಷಣ ನೋಡಿದಳು, ಕೈ ಮುಗಿದಳು, ತಿರುಗಿ ನೋಡದೆ ಹೋದಳು. ತನ್ನ ಪ್ರೀತಿಯಿಂದಲೇ ಅವಳು ಆ ಗಾಳಿಯ ಬಾಗಿಲು ಮುಚ್ಚಿಹೋದಳು. ಇನ್ನು ಬಿಲ್ಲೆಗಳನ್ನೆಲ್ಲ ಒಲೆಗೆ ಹಾಕಿದರೂ ಬೋರಲಿಂಗಯ್ಯನಿಗೆ ಆ ಫ್ಯಾನು ಮರೆಯುವಂತಿರಲಿಲ್ಲ.

ಆದರೂ ಅವನು ಪ್ರಯತ್ನ ಬಿಡಲಿಲ್ಲ. ಮೇಡಂ ಬೇರೆ ಕಚೇರಿಗಳಿಗೆ ಸುತ್ತಲು ಹೋದಾಗ ಫ್ಯಾನು ಹಾಕಿ, ಬಿಲ್ಲೆಯನ್ನು ಮೊಳೆಯಲ್ಲೇ ಬಿಟ್ಟು, ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದ. "ಏನಾರ ಮಾತಾಡಿ ನಾಗವೇಣಮ್ಮ, ನಾನು ಮರೀಬೇಕು." ನಾನು ನನ್ನ ನಾದಿನಿಯ ಜಗಳದ ಕಥೆಯನ್ನೆಲ್ಲ ಹೇಳಿದೆ. ಶಿರಸ್ತೇದಾರರು ಅವನನ್ನು ಎಲೆ ಅಡಿಕೆ ತರಲು ಪೇಟೆಯ ಆ ತುದಿಗೆ ಅಟ್ಟಿದರು. ಹೋದ, ಬಂದ, ಎಲೆ ಅಡಿಕೆ ತರುವುದನ್ನು ಮರೆತಿದ್ದ. "ಫ್ಯಾನು?" ಎಂದು ನಾನು ಆಸೆಯಿಂದ ಕೇಳಿದೆ. "ತಿರುಗ್ತಾ ಅದೆ" ಎಂದು ಮುಖ ಸಣ್ಣದು ಮಾಡಿದ. "ಮರೀಬೇಕು ಅಂತ ಹೊಂಟ್ರೆ ಅದೊಂದೇ ಗ್ಯಾಪ್ಕಕ್ಕೆ ಬತ್ತದೆ ಕಣಮ್ಮ. ಬೇರೆಯೆಲ್ಲ ಮರ್ತೋಯ್ತದೆ." ಆಮೇಲೆ ತಾನೇ ಹೋಗಿ ಆರಿಸಿ ಬಂದ. ಎಲ್ಲಿಗೂ ಹೋಗದ ಗಾಳಿಯನ್ನು ಸುಮ್ಮನೆ ತಿರುಗಿಸಲು ಅವನಿಗೂ ಈಗ ಮನಸ್ಸು ಒಪ್ಪುತ್ತಿರಲಿಲ್ಲ.

ಇದೊಂದೂ ತಿಳಿಯದ ಮೇಡಂ ತಿಂಗಳ ಸಭೆಯಲ್ಲಿ ಅವನನ್ನು ಹೊಗಳಿದರು. ಇಡೀ ಊರಿನ ಕಚೇರಿಗಳಲ್ಲಿ ಒಂದು ಸ್ವಿಚ್ಚನ್ನೂ ಮರೆಯದವರು ಬೋರಲಿಂಗಯ್ಯನವರು, ಎಲ್ಲರೂ ಅವರನ್ನು ನೋಡಿ ಕಲಿಯಬೇಕು ಎಂದು ಚಪ್ಪಾಳೆ ಹೊಡೆಸಿದರು. ಅವನು ತಲೆ ತಗ್ಗಿಸಿ ನಿಂತಿದ್ದ. ಸಭೆ ಮುಗಿದ ಮೇಲೆ ಕಾಣಲಿಲ್ಲ. ಮೇಡಂ ಹುಡುಕಿಕೊಂಡು ಹೋದರು, ಹಿಂದೆ ನಾನೂ ಹೋದೆ. ರೆಕಾರ್ಡ್ ರೂಮಿನಲ್ಲಿ ಸ್ವಿಚ್ಚಿನ ಮುಂದೆ ನಿಂತು ಅಳುತ್ತಿದ್ದ. ಅಷ್ಟು ದೊಡ್ಡ ಮೀಸೆಯ ಮನುಷ್ಯ ಹಾಗೆ ಅಳುವುದನ್ನು ನಾನು ಅವನ ಹೆಂಡತಿ ಹೋದಾಗಲೂ ನೋಡಿರಲಿಲ್ಲ.

"ಅಮ್ಮಾವ್ರೇ, ನನಗೆ ಚಪ್ಪಾಳೆ ಬ್ಯಾಡಿ" ಎಂದ. "ಒಬ್ಬ ಮನುಷ್ಯ ನಿದ್ದೆ ಇಲ್ದೆ ಸಾಯ್ತಾವ್ನೆ. ನಾನು ದಡ್ಡ ಆಗಿದ್ದಾಗ ಅವನು ನಿದ್ದೆ ಮಾಡೋನು. ಈಗ ನಾನು ಜಾಣ ಆಗಿವ್ನಿ." ಉಳಿದದ್ದನ್ನು ನಾನು ಹೇಳಿದೆ. ಮೇಡಂಗೆ ಮೊದಲು ಸಿಟ್ಟು ಬಂತು, ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ನನ್ನನ್ನೇ ಗದರಿದರು. ಆಮೇಲೆ ಅಲ್ಲೇ ಒಂದು ನಕ್ಷೆ ಪೆಟ್ಟಿಗೆಯ ಮೇಲೆ ಕೂತರು. ಫ್ಯಾನು ನೋಡಿದರು, ಕಪಾಟುಗಳ ನಡುವಿನ ಜಾಗ ನೋಡಿದರು, ಒಂದು ನಕ್ಷೆ ಎಳೆದು ಮೂಸಿದರು. ಮುಗ್ಗಲು ವಾಸನೆ. "ಖಾಲಿ ಕೋಣೇಲಿ ಫ್ಯಾನ್ ತಿರುಗಬಾರದು. ಸುತ್ತೋಲೇಲಿ ಇರೋದು ಅಷ್ಟೇ ತಾನೆ?" ಎಂದು ತಮಗೆ ತಾವೇ ಅಂದುಕೊಂಡರು. "ಈ ಕೋಣೆ ಯಾಕೆ ಖಾಲಿ ಇರಬೇಕು ಬೋರಲಿಂಗಯ್ಯ? ಗಾಳಿ ಅವರ ಮನೆಗೆ ಹೋಗೋಕಾಗ್ದಿದ್ರೆ ಅವರೇ ಗಾಳಿ ಹತ್ರ ಬರಲಿ."

ನಮಗೆ ಯಾರಿಗೂ ಹೊಳೆಯದಿದ್ದ ಮಾತು ಅದು. ತಲೆತಲಾಂತರದಿಂದ ಕಚೇರಿಯದೆಲ್ಲ ತಾನಾಗಿ ಮನೆಗೆ ಬರುತ್ತಿದ್ದ ಊರಿನಲ್ಲಿ, ಎದ್ದು ಕಚೇರಿಗೆ ಹೋಗಿ ಅದರ ಕೆಳಗೆ ಕೂರಬಹುದೆಂದು ಯಾರು ಯೋಚಿಸಿದ್ದರು? ಆದರೆ ಕೆಂಚಯ್ಯ ಒಪ್ಪಬೇಕಲ್ಲ. ನಾನೂ ಮೇಡಮ್ಮೂ ಅವನ ಮನೆಗೆ ಹೋದೆವು. ಗೋಡೆಗೆ ಒರಗಿ ಕೂತಿದ್ದ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಎಳೆದುಕೊಳ್ಳುತ್ತಿದ್ದ. ಮಾತು ಮಾತ್ರ ಇಸ್ತ್ರಿಯಷ್ಟೇ ಖಡಕ್ಕು. "ಸರ್ಕಾರಿ ಆಫೀಸಿಗೆ ಹೋಗಿ ಮಲಗಿದ್ರೆ ಜನ ಏನಂದಾರು? ಮಲಗೋಕೆ ಅಂತ ಸಂಬಳ ತಗೊಳೋರು ಅಲ್ಲಿ ಬೇರೆಯೇ ಅವ್ರೆ" ಎಂದ. ನಾನು ಬೇರೆ ಕಡೆ ನೋಡಿದೆ. ಮೇಡಂ ನಗಲಿಲ್ಲ. "ನಕ್ಷೆಗಳು ಮುಗ್ಗಲು ಹಿಡಿದಿವೆ ಕೆಂಚಯ್ಯನವರೇ, ಮಧ್ಯಾಹ್ನ ಗಾಳಿ ಆಡಿಸಬೇಕು. ಯಾರಾದರೂ ಇರದೆ ಫ್ಯಾನ್ ಹಾಕೋ ಹಾಗಿಲ್ಲ, ನಮ್ಮವರಿಗೆ ಕೂರೋಕೆ ಪುರುಸೊತ್ತಿಲ್ಲ. ನೀವು ಬಂದು ಕಾವಲಿರಿ. ಕಣ್ಣು ಮುಚ್ಚಿಕೊಂಡು ಕಾವಲಿದ್ರೂ ನನ್ನ ತಕರಾರಿಲ್ಲ." "ಹಂಗಾದ್ರೆ ಬಿಳೀ ಅಂಗಿ ತೆಗಿಯಮ್ಮಿ" ಎಂದು ಹೆಂಡತಿಗೆ ಹೇಳಿದ.

ಮಾರನೆಯ ಮಧ್ಯಾಹ್ನ ಬೋರಲಿಂಗಯ್ಯ ಕುರ್ಚಿಯ ಒಂದು ಕಡೆ ಹಿಡಿದ, ಶಿರಸ್ತೇದಾರರು ಇನ್ನೊಂದು ಕಡೆ. ಗರಿಗರಿ ಅಂಗಿ ತೊಟ್ಟ ಕೆಂಚಯ್ಯ ಮದುಮಗನ ಹಾಗೆ ಬಂದಿಳಿದ. ಬೋರಲಿಂಗಯ್ಯನೇ ಕಪಾಟುಗಳ ನಡುವೆ ಚಾಪೆ ಹಾಸಿ, ತಲೆಯ ಕಡೆಗೆ ನಕ್ಷೆಗಳ ಒಂದು ಸುರುಳಿ ಎತ್ತರಕ್ಕಿಟ್ಟು, ಫ್ಯಾನು ಹಾಕಿದ. ಬಿಲ್ಲೆಯನ್ನು ತೆಗೆದು ಕೆಂಚಯ್ಯನ ಕೊರಳಿಗೆ ಹಾಕಿದ. ಕೆಂಚಯ್ಯ ಗಾಳಿಯನ್ನು ಒಮ್ಮೆ ಮೂಸಿ ನೋಡಿ, "ಇದೇಯ" ಎಂದ. ಎರಡನೆಯ ಮಾತಾಡುವಷ್ಟರಲ್ಲಿ ನಿದ್ದೆ ಬಂದಿತ್ತು. ಎದೆಯ ಮೇಲೆ ಬಿಲ್ಲೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

ಆಮೇಲೆ ಊರಿನವರೆಲ್ಲ ಅದೇ ದಾರಿ ಹಿಡಿದರು. ಖಜಾನೆಯ ಮೊಗಸಾಲೆಯ ದೀಪದ ಕೆಳಗೆ ಬೆಸ್ತರ ಹೆಂಗಸರು ಕೂತು ಬಲೆ ಹೆಣೆಯತೊಡಗಿದರು. ಹೂವಿನವರು ಬಿಂದಿಗೆ ತಂದು ಲೋಕೋಪಯೋಗಿಯ ನಲ್ಲಿಯಲ್ಲಿ ಹಿಡಿದು, ತುಂಬಿದ ಮೇಲೆ ತಾವೇ ಬಿಗಿಯಾಗಿ ತಿರುಗಿಸಿ ಹೋದರು. ಕಚೇರಿಗಳ ಒಳಗೆ ಊರಿನವರ ಕೊರಳಲ್ಲೂ ಬಿಲ್ಲೆ ಕಾಣತೊಡಗಿತು. ಕಚೇರಿಗಳಲ್ಲಿ ಖಾಲಿ ಕೋಣೆ ಎನ್ನುವುದೇ ಇಲ್ಲವಾಯಿತು, ಜನ ನೋಡುತ್ತಿದ್ದರಲ್ಲ, ನಾವೂ ಸ್ವಲ್ಪ ಜಾಸ್ತಿ ಕೆಲಸ ಮಾಡಿದೆವು. ಮುಂದಿನ ಮಳೆಗಾಲ ಕಳೆದಾಗ ಕೆರೆಯ ನೀರು ನನ್ನ ಮೆಟ್ಟಿಲಿಗೆ ಬಂತು. ತುದಿ ಬೀದಿಯ ನಲ್ಲಿಯಲ್ಲಿ ನೀರು ಬಂದ ದಿನ ಮೇಡಂ ರಜೆ ಹಾಕಿ ಹೋಗಿದ್ದರು. ಅಲ್ಲಿ ಹೋಗಿ ಏನು ಮಾಡಿದರೆಂದು ಹೇಳಲಿಲ್ಲ, ಬಂದಾಗ ಸೀರೆಯ ನೆರಿಗೆಯೆಲ್ಲ ನೆನೆದಿತ್ತು.

ಒಳ್ಳೆಯ ಅಧಿಕಾರಿಗಳಿಗೆ ಬರುವುದು ಅವರಿಗೂ ಬಂತು, ವರ್ಗಾವಣೆ. ಹೊರಡುವ ದಿನ ಅಂಗಳದಲ್ಲಿ ನಾಲ್ಕು ಕುರ್ಚಿ ಹಾಕಿ ಬೀಳ್ಕೊಡುಗೆ ಇಟ್ಟುಕೊಂಡೆವು. ಮೇಡಂ ತಮ್ಮ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಕೊನೆಯ ಕಡತ ಮುಗಿಸುತ್ತಿದ್ದರು, ನಾನು ಕರೆಯಲು ಹೋದೆ. ಅಷ್ಟರಲ್ಲಿ ಜವರಮ್ಮ ಬಂದಳು. ಮೇಡಂ ಊರಿಗೆ ಬಂದಾಗ ತಂದಿದ್ದ ಆ ಮಾಸಿದ ನೂಲಿನ ಸೀರೆಯನ್ನು ಯಾವಾಗ ಇಸಿದುಕೊಂಡು ಹೋಗಿದ್ದಳೋ, ಗಂಜಿ ಹಾಕಿ ಇಸ್ತ್ರಿ ಮಾಡಿ ತಂದಿದ್ದಳು. "ನಮ್ಮೆಜಮಾನ್ರೇ ಮಾಡಿದ್ದು ಕಣವ್ವ. ಎದ್ದು ನಿಂತು ಮಾಡುದ್ರು" ಎಂದಳು. ಮೇಡಂ ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಅದು ಇನ್ನೂ ಬಿಸಿಯಾಗಿತ್ತು. ಕಣ್ಣೊರೆಸಿಕೊಂಡು, ಬಾಗಿಲೆಳೆದುಕೊಂಡು ನಮ್ಮ ಜೊತೆ ಅಂಗಳಕ್ಕೆ ಬಂದುಬಿಟ್ಟರು.

ಭಾಷಣಗಳಾದವು, ಹಾರಗಳು ಬಿದ್ದವು. ಟ್ರಂಕು ಹೊತ್ತವನು ಬೋರಲಿಂಗಯ್ಯ. ಎಲ್ಲ ಕೋಣೆಗಳನ್ನೂ ನೋಡಿ ಬೀಗ ಹಾಕಿದ್ದ. ಮೇಡಂ ಅವರ ಕೋಣೆಯನ್ನು ಮಾತ್ರ ನೋಡಿರಲಿಲ್ಲ, ಅದನ್ನು ಯಾರೂ ಯಾವತ್ತೂ ನೋಡಬೇಕಾಗಿ ಬಂದಿರಲಿಲ್ಲ. ಬಸ್ಸು ಹೊರಟಿತು. ಅವರು ಕಿಟಕಿಯಿಂದ ಬಗ್ಗಿ ಕೈ ಬೀಸಿದಾಗ ಹಾರಗಳ ಸಂದಿಯಿಂದ ಒಂದು ಮರದ ಬಿಲ್ಲೆ ಹೊರಗೆ ಜಾರಿ ತೂಗಾಡಿತು. ನಾನು ಕೂಗಲು ಬಾಯಿ ತೆರೆದೆ. ಆಮೇಲೆ ಮುಚ್ಚಿಕೊಂಡೆ. ಬದುಕಿನಲ್ಲಿ ಒಂದೇ ಒಂದು ಸಲ ಮರೆತವರನ್ನು ಹೇಗೆ ಕೂಗಿ ನಿಲ್ಲಿಸುವುದು?

ಸಂಜೆ ಬೋರಲಿಂಗಯ್ಯ ಗೋಡೆಯ ಆ ಕಡೆಯಿಂದ ನನ್ನನ್ನು ಕರೆದ. ಅಂಥ ದನಿಯಲ್ಲಿ ಅವನು ಯಾವತ್ತೂ ಕರೆದವನಲ್ಲ. ಹೋಗಿ ನೋಡಿದರೆ ನಡುಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ. ಬೀಸಣಿಗೆ ನೆಲದ ಮೇಲಿತ್ತು. ಗೋಡೆಯ ಮೇಲಿದ್ದ ಅವನ ಹೆಂಡತಿಯ ಪಟದ ಹೂವಿನ ಹಾರ ಅಲ್ಲಾಡುತ್ತಿತ್ತು, ಅವನ ಮೀಸೆ ಅಲ್ಲಾಡುತ್ತಿತ್ತು. ಮನೆಯೆಲ್ಲ ಕಿತ್ತಳೆಯ ವಾಸನೆ.

"ನಾಗವೇಣಮ್ಮ" ಎಂದು ಪಿಸುಗುಟ್ಟಿದ. "ನಮ್ಮನೆಗೂ ಬಂತು." ನಾನು ತಲೆಯಾಡಿಸಿದೆ. ಅವನು ಕಾಫಿಯನ್ನು ಆರಿಸಿ ಆರಿಸಿ, ಗುಟುಕು ಗುಟುಕಾಗಿ ಕುಡಿದ. ಯಾರೂ ಅಷ್ಟು ನಿಧಾನವಾಗಿ ಕಾಫಿ ಕುಡಿಯುವುದನ್ನು ನಾನು ನೋಡಿಲ್ಲ. ಕೊನೆಯ ಗುಟುಕಾದ ಮೇಲೂ ಖಾಲಿ ಲೋಟ ಹಿಡಿದು ಸ್ವಲ್ಪ ಹೊತ್ತು ಗಾಳಿಗೆ ಮುಖ ಒಡ್ಡಿ ಕಣ್ಣು ಮುಚ್ಚಿ ಕೂತಿದ್ದ. ಆಮೇಲೆ ಎದ್ದು, ಗೂಟದಿಂದ ಕಚೇರಿಯ ಬೀಗದ ಕೈ ತೆಗೆದುಕೊಂಡು, ಹೆಂಡತಿಯ ಪಟದ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿದ.

"ಪಾಪ, ಅಮ್ಮಾವ್ರು ಫ್ಯಾನ್ ಮರ್ತವ್ರೆ" ಎಂದ. "ಆರಿಸಿ ಬತ್ತೀನಿ."